ಅರಿಸಿನವೂ ಯಕೃತ್ತೂ: ‘ರಕ್ಷಕ’ ಶಬ್ದದ ವಿಚಾರ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸೀಮೆಯಲ್ಲಿ ಅಗೆದು, ಬೇಯಿಸಿ, ಒಣಗಿಸಿ ಮಾರುವ ಅರಿಸಿನದ ಬಣ್ಣಕ್ಕೆ ಮುಖ್ಯ ಕಾರಣ ಕರ್ಕ್ಯುಮಿನ್ ಎಂಬ ದ್ರವ್ಯ. ಇದನ್ನು 1815ರಲ್ಲಿಯೇ ಬೇರ್ಪಡಿಸಿದ್ದರು. ಇದರ ರಚನೆಯು 1910ರಲ್ಲಿ ನಿರ್ಣಯವಾಯಿತು. ಈಚಿನ ಆರೋಗ್ಯಲೇಖನಗಳಲ್ಲಿ ಇದಕ್ಕೆ ಯಕೃತ್ತಿನ ‘ರಕ್ಷಕ’ವೆಂಬ ಬಿರುದು ಸಲ್ಲುತ್ತಿದೆ. ಬಿರುದು ಕಿವಿಗೆ ಇಂಪಾಗಿದೆ. ಅರ್ಥಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹ.

ನಮ್ಮ ಭಾಷೆಯೇ ಇಲ್ಲಿ ಒಂದು ತೊಡಕನ್ನು ತಂದಿಟ್ಟಿದೆ. ಕಣ್ಣು ಮೈ ಹಳದಿಗಟ್ಟುವುದನ್ನು ಜನರು ಅರಿಸಿನ ಕಾಮಾಲೆಯೆನ್ನುವರು. ವರ್ಣಸಾಮ್ಯದಿಂದ ಬಂದ ಈ ಹೆಸರು ಗೆಡ್ಡೆಗೂ ಯಕೃತ್ತಿಗೂ ಇಲ್ಲದ ನಂಟನ್ನು ಸೂಚಿಸುತ್ತದೆ. ಕಾಮಾಲೆಯು ಕಣ್ಣಿಗೆ ಕಾಣುವ ಲಕ್ಷಣ. ಯಕೃತ್ತು ಕಲೆಗಟ್ಟುವುದಾದರೋ ವರ್ಷಗಟ್ಟಲೆ ಒಳಗೇ ನಡೆಯುವ ಕ್ರಿಯೆ. ಮದ್ಯ, ಹೆಪಟೈಟಿಸ್ ವೈರಸ್ಸು, ಶೇಖರವಾದ ಕೊಬ್ಬು ಇವುಗಳಿಂದ ಪದೇ ಪದೇ ಪೆಟ್ಟುಬಿದ್ದಲ್ಲಿ ನಕ್ಷತ್ರಾಕಾರದ ಕೆಲವು ಕಣಗಳು ಎಚ್ಚೆತ್ತು ಕೊಲ್ಯಾಜನ್ ನಾರನ್ನು ಒಟ್ಟುತ್ತವೆ. ಅದು ಮಿತಿಮೀರಿದುದೇ ಸಿರೋಸಿಸ್. ಕಾಮಾಲೆ ಇಳಿದ ಮಾತ್ರಕ್ಕೆ ಕಲೆ ಅಳಿಯಿತೆನ್ನಲಾಗದು. ಎರಡನ್ನೂ ಒಂದೇ ಮಾತಿನಲ್ಲಿ ಸುತ್ತಿಡುವ ಲೇಖಕನಿಂದ ರೋಗಿಗೆ ಹಾನಿಯುಂಟು.

ಕರ್ಕ್ಯುಮಿನ್ ಆ ಕಣಗಳ ಉದ್ರೇಕವನ್ನು ಗಾಜಿನ ಪಾತ್ರೆಯಲ್ಲಿ ತಗ್ಗಿಸಿರುವುದು ನಿಜ. ಇಲಿಗಳಲ್ಲಿ ನಾರನ್ನು ಕಡಮೆಮಾಡಿರುವುದೂ ನಿಜ. ಆದರೆ ಅಂತಹ ಅನೇಕ ಪ್ರಯೋಗಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ವಿಷವನ್ನೂ ಮದ್ದನ್ನೂ ಜೊತೆಜೊತೆಯಾಗಿಯೇ ಕೊಟ್ಟಿರುವರು. ಮನುಷ್ಯನು ವೈದ್ಯನ ಬಳಿಗೆ ಬರುವುದು ಕಲೆ ಬಲಿತ ಮೇಲೆ. ಪ್ರಯೋಗದ್ದು ವರ್ತಮಾನ, ರೋಗಿಯದು ಭೂತ. ‘ರಕ್ಷಕ’ ಶಬ್ದವು ಈ ಕಾಲಭೇದವನ್ನು ನುಂಗಿಬಿಡುತ್ತದೆ. ಕೊಬ್ಬು ತುಂಬಿದ ಯಕೃತ್ತುಳ್ಳ ರೋಗಿಗಳ ರಕ್ತದಲ್ಲಿ ಕಿಣ್ವಗಳು ಇಳಿದುದನ್ನು ಕೆಲವು ಸಣ್ಣ ಪರೀಕ್ಷೆಗಳು ತೋರಿಸಿರುವುದುಂಟು. ಕಿಣ್ವವಿಳಿದುದು ಕಲೆ ಕರಗಿದುದಕ್ಕೆ ಸಾಕ್ಷಿಯಲ್ಲ.

ಇನ್ನು ಪ್ರಮಾಣದ ಮಾತು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಪ್ರಬಂಧವು ಲೋಕಪ್ರಸಿದ್ಧವಾದುದು. ಆರೋಗ್ಯವಂತರು 2 ಗ್ರಾಂ ಕರ್ಕ್ಯುಮಿನ್ ಸೇವಿಸಿದರೂ ರಕ್ತದಲ್ಲಿ ಅದು ಕಂಡುದು ಅತ್ಯಲ್ಪ. ಕರಿಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಲಾಗಿ ದೇಹಕ್ಕೆ ದಕ್ಕಿದ ಪ್ರಮಾಣವು ಶೇಕಡ 2000ದಷ್ಟು ಹೆಚ್ಚಿತು. ಎಲ್ಲರೂ ಉದಾಹರಿಸುವುದು ಈ ಅಂಕಿಯನ್ನೇ. ಮೂಲವು ಶೂನ್ಯಕ್ಕೆ ಸಮೀಪವಿದ್ದಿತೆಂಬುದನ್ನು ಮಾತ್ರ ಬಿಡುವರು. ಅಲ್ಲಿ ಅಳೆದುದು ರಕ್ತದ ಮಟ್ಟವನ್ನೇ ಹೊರತು ಯಕೃತ್ತಿನ ಕಲೆಯನ್ನಲ್ಲ. 100 ಗ್ರಾಂ ಅರಿಸಿನದಲ್ಲಿ ಕರ್ಕ್ಯುಮಿನ್ ಸುಮಾರು 2ರಿಂದ 5 ಗ್ರಾಂ. ಹಾಗಾದರೆ ಆ 2 ಗ್ರಾಂಗೆ 40ರಿಂದ 100 ಗ್ರಾಂ ಪುಡಿ ಬೇಕು! ಸಾರಿಗೆ ಹಾಕುವ ಚಿಟಿಕೆಯ ಮೇಲೆ ಪ್ರಯೋಗಶಾಲೆಯ ಕೀರ್ತಿಯನ್ನು ಹೊರಿಸುವುದು ಸಲ್ಲದು.

ಚಿಟಿಕೆಯಿಂದ ಅಪಾಯವಿಲ್ಲ, ಗುಳಿಗೆಯ ವಿಷಯ ಬೇರೆ. ಔಷಧಗಳಿಂದಾಗುವ ಯಕೃತ್ಪೀಡೆಯನ್ನು ಅಭ್ಯಸಿಸುವ ಅಮೆರಿಕದ ಸಂಶೋಧಕ ಮಂಡಲಿಯು 2022ರಲ್ಲಿ ಅರಿಸಿನದ ಗುಳಿಗೆಗಳಿಗೆ ಸಂಬಂಧಿಸಿದ 10 ಪ್ರಸಂಗಗಳನ್ನು ವರದಿಮಾಡಿತು. ಅವರಲ್ಲಿ 7 ಮಂದಿಯಲ್ಲಿ ಒಂದೇ ವಂಶವಾಹಿ ಗುರುತು ಕಂಡುಬಂದಿತು, ಒಬ್ಬರು ಮೃತಪಟ್ಟರು. ಕೆಲವು ಗುಳಿಗೆಗಳಲ್ಲಿ ಮೆಣಸಿನ ಸಾರವೂ ಇದ್ದಿತು. ಸಸ್ಯಜವೆಂದ ಮಾತ್ರಕ್ಕೆ ನಿರಪಾಯವೆಂಬ ಭ್ರಮೆ ನಮ್ಮ ಪ್ರಾಚೀನರಿಗಿರಲಿಲ್ಲ. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ಸ್ಥಾವರ ವಿಷಗಳನ್ನೂ ವಿಷಯವಾಗಿ ಮಾಡಿಕೊಂಡನು.

‘ರಕ್ಷಕ’ದ ಬದಲು ‘ಇಲಿಗಳಲ್ಲಿ ನಾರುಗಟ್ಟುವುದನ್ನು ತಗ್ಗಿಸಿದುದು’ ಎಂದು ಬರೆದರೆ ವಾಕ್ಯವು ಉದ್ದವಾದೀತು, ಬಿರುದಿನ ಠೀವಿಯೂ ಹೋದೀತು. ಪಠ್ಯಪುಸ್ತಕಗಳಿಗೂ ಪತ್ರಿಕೆಗಳಿಗೂ ನಾವು ಸೂಚಿಸುವುದು ಆ ಉದ್ದವಾದ ವಾಕ್ಯವನ್ನೇ.