ಶೋರೂಮ್ ಬೇರೆ, ಸಂಸಾರ ಬೇರೆ

ಎಸ್‌ಯುವಿ ಅಂದರೆ ಏನು ಅಂತ ಶೋರೂಮಿನಲ್ಲಿ ಕೇಳಿದರೆ ಎತ್ತರ, ಗತ್ತು, ಸನ್‌ರೂಫ್ ಅನ್ನುತ್ತಾರೆ. ಜಿಎಸ್‌ಟಿಯವರು ಅಷ್ಟು ರಸಿಕರಲ್ಲ. ಉದ್ದ 4 ಮೀಟರ್ ದಾಟಬೇಕು, ಎಂಜಿನ್ 1,500 ಸಿಸಿ ಮೀರಬೇಕು, ಗಾಡಿಯ ಹೊಟ್ಟೆಗೂ ನೆಲಕ್ಕೂ 170 ಮಿಲಿಮೀಟರ್ ಅಂತರವಾದರೂ ಇರಬೇಕು. ಅಂಥದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 40 ತೆರಿಗೆ. ಅದಕ್ಕೂ ಮೊದಲು ಸೆಸ್ ಸೇರಿ ಶೇ 50 ಇತ್ತು. ಇಷ್ಟೆಲ್ಲ ಕಟ್ಟಿ ಗಾಡಿ ತಂದವರು ಮೊದಲ ತಿಂಗಳಲ್ಲಿ ಹೇಳುವ ಹೊಗಳಿಕೆಯನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮದುವೆ ಚಪ್ಪರದಲ್ಲೇ ಅಳಿಯ ಹೇಗೆ ಅಂತ ಕೇಳಿದ ಹಾಗೆ ಅದು. ಮೂರು ಮಳೆಗಾಲ ಕಳೆಯಲಿ, ಆಮೇಲೆ ಮಾತಾಡೋಣ.

ನಮ್ಮ ಮನೆಯ ಏಳು ಸೀಟಿನ ಡೀಸೆಲ್ ಗಾಡಿಗೆ ಈಗ ಆ ವಯಸ್ಸು. ಏಳೂ ಸೀಟು ತುಂಬುವ ದಿನಗಳು ವರ್ಷಕ್ಕೆ ಕೆಲವೇ. ತುಂಬಿದ ದಿನ ಲಗೇಜಿಗೆ ಜಾಗವಿಲ್ಲ. ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಹಿಂದಿನ ಬಾಗಿಲಿಗೂ ಸೀಟಿಗೂ ನಡುವೆ ಉಳಿಯುವುದು ಗೇಣುದ್ದ. ಊರಿನಿಂದ ಹೊರಡುವಾಗ ಅಂಗಳಕ್ಕೆ ಬಂದು ಕೂರುವ ಹಲಸಿನಕಾಯಿ, ಬಾಳೆಗೊನೆ, ಅಕ್ಕಿ ಮೂಟೆಗಳನ್ನು ಯಾರ ತೊಡೆಯ ಮೇಲಿಡುವುದು? ರೂಫ್ ಕ್ಯಾರಿಯರ್ ಕಟ್ಟಿದರೆ ಮೈಲೇಜು ಹೋಯಿತು, ಜೊತೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಧೈರ್ಯವೂ ಹೋಯಿತು.

ಟೆಸ್ಟ್ ಡ್ರೈವ್‌ನಲ್ಲಿ ಯಾರೂ ನೋಡದ ಇನ್ನೊಂದು ಸಂಗತಿ ಮಗುವಿನ ಸೀಟು. ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಎರಡನೇ ಸಾಲಿನ ಎರಡು ಬದಿಗಳಲ್ಲಿ ಇರುತ್ತವೆ. ಮಗುವಿನ ಸೀಟು ಸಿಕ್ಕಿಸಿದಿರೋ, ಆ ಬದಿ ಮಡಚುವುದು ಬಂದ್. ಬಹಳಷ್ಟು ಗಾಡಿಗಳಲ್ಲಿ ಮೂರನೇ ಸಾಲಿಗೆ ದಾರಿ ಎಡಗಡೆಯ ಸೀಟು ಮಗುಚಿಯೇ. ಹಾಗಾಗಿ ಮಗು ಬಲಕ್ಕೆ, ಡ್ರೈವರ್ ಬೆನ್ನಿಗೆ ಹೋಗುತ್ತದೆ. ಆಗ ಅದನ್ನು ಹತ್ತಿಸಿ ಇಳಿಸುವುದೆಲ್ಲ ಫುಟ್‌ಪಾತಿನ ಕಡೆಯಿಂದಲ್ಲ, ಬೈಕುಗಳು ಸುಂಯ್ ಎಂದು ಹಾಯುವ ಕಡೆಯಿಂದ. ನಡುವೆ ಓಡಾಡುವ ದಾರಿಯಿರುವ ಕ್ಯಾಪ್ಟನ್ ಸೀಟುಗಳನ್ನು ಮೊದಲು ನಾನು ಷೋಕಿ ಅಂದುಕೊಂಡಿದ್ದೆ. ಚಿಕ್ಕ ಮಕ್ಕಳಿರುವ ಮನೆಗೆ ಅದೇ ಸರಿ ಅನ್ನುತ್ತೇನೆ ಈಗ. ಒಂದು ಸೀಟು ಕಡಿಮೆಯಾದರೆ ಆಗಲಿ, ಒಬ್ಬ ಮಾವ ಬಸ್ಸಿಗೆ ಬರಲಿ.

ಇವೆಲ್ಲ ಒಗ್ಗಿಹೋಗುವ ಕಿರಿಕಿರಿಗಳು. ಒಗ್ಗದ ವಿಷಯ ಬಾನೆಟ್ಟಿನ ಕೆಳಗಿದೆ.

2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ಮಾನದಂಡ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುಕ ಕೂತಿದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ತುಂಬಿದ ಮಸಿಯನ್ನು ಆಗಾಗ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಒಳಗಿನ ಬಿಸಿ ಸುಮಾರು 600 ಡಿಗ್ರಿ ಮುಟ್ಟಬೇಕು, ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು. ತುಮಕೂರು ದಾಟಿ ತಿಪಟೂರು, ಅರಸೀಕೆರೆ, ತರೀಕೆರೆ ಅಂತ ಒಂದೇ ಹದದಲ್ಲಿ ಓಡುವ ಗಾಡಿಗೆ ಇದು ತಾನಾಗಿ ಆಗುವ ಕೆಲಸ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಮನೆಯಿಂದ ಸ್ಕೂಲು, ಸ್ಕೂಲಿನಿಂದ ತರಕಾರಿ ಅಂಗಡಿ, ಸಂಜೆ ಡ್ಯಾನ್ಸ್ ಕ್ಲಾಸು ಎಂದು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ತೆವಳುವ ಗಾಡಿಯಲ್ಲಿ ಎಂಜಿನ್ ಬಿಸಿಯಾಗುವ ಹೊತ್ತಿಗೆ ಕೀ ತೆಗೆದಿರುತ್ತೇವೆ.

ಸುಡುವ ಕೆಲಸ ನಡೆಯುತ್ತಿದೆ ಅಂತ ಗೊತ್ತಾಗುವುದಕ್ಕೆ ಕಿವಿ, ಮೂಗು ಸಾಕು. ನಿಂತಲ್ಲೇ ಆರ್‌ಪಿಎಂ ಚೂರು ಮೇಲೇರಿರುತ್ತದೆ, ತಕ್ಷಣದ ಮೈಲೇಜು ದಿಢೀರನೆ ಕುಸಿಯುತ್ತದೆ, ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ಗುಂಯ್ ಅನ್ನುತ್ತಿರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಆ ಹೊತ್ತಿನಲ್ಲಿ ಆಫ್ ಮಾಡಬಾರದು. ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ, ಪಾರ್ಕಿಂಗ್ ಜಾಗ ಸಿಕ್ಕಿದ್ದೇ ಪುಣ್ಯವಾದ್ದರಿಂದ. ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಮ್ಮಿಯಾಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಇಲ್ಲಿ ಅದು ಹೆಚ್ಚುತ್ತದೆ. ಎರಡನೇ ವರ್ಷದ ಒಂದು ಭಾನುವಾರ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಮೇಲಿನ ಗುರುತನ್ನೂ ದಾಟಿ ಎಣ್ಣೆ ಹತ್ತಿತ್ತು. ಬೆರಳಲ್ಲಿ ಉಜ್ಜಿದೆ, ನೀರುನೀರು. ಮೂಸಿದೆ, ಪಂಪ್‌ಸೆಟ್ ಮನೆಯ ವಾಸನೆ. ಅಂಥ ಎಣ್ಣೆಗೆ ಟರ್ಬೊವನ್ನೂ ಬೇರಿಂಗನ್ನೂ ಕಾಯುವ ಗಟ್ಟಿತನ ಉಳಿದಿರುವುದಿಲ್ಲ. ಕಿಲೋಮೀಟರ್ ತುಂಬದಿದ್ದರೂ ಆಯಿಲ್ ಬದಲಿಸಲೇಬೇಕು.

ಸರ್ವಿಸ್ ಅಡ್ವೈಸರ್ ಕೊಟ್ಟ ಮದ್ದು: "ವಾರಕ್ಕೊಂದ್ಸಲ ನೈಸ್ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ ಸಾರ್." ಮಸಿ ಸುಡುವುದಕ್ಕೆ ಟೋಲ್ ಕಟ್ಟುವ ಕಾಲ. ಸಲಹೆಯಲ್ಲಿ ತಪ್ಪೇನಿಲ್ಲ, ಕೆಲಸವೂ ಮಾಡುತ್ತದೆ. ಆದರೆ ಈ ಮಾತನ್ನು ಬುಕಿಂಗ್ ದಿನ ಹೇಳಿದ್ದರೆ ಎಷ್ಟು ಜನ ಡೀಸೆಲ್‌ಗೆ ಸಹಿ ಹಾಕುತ್ತಿದ್ದರು? ಯಾವ ಗಾಡಿ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಬಜೆಟ್ ಕೇಳುವುದು ಬಿಟ್ಟಿದ್ದೇನೆ. ಮಕ್ಕಳ ಸ್ಕೂಲು ಎಷ್ಟು ದೂರ ಅಂತ ಕೇಳುತ್ತೇನೆ.

ಬಿಡದಿಯ ಟೊಯೊಟಾ ಕಾರ್ಖಾನೆಯ ಕಥೆ ನೋಡಿ. 2000ದ ಕ್ವಾಲಿಸ್, 2005ರ ಇನ್ನೋವಾ, ಎರಡೂ ಟ್ಯಾಕ್ಸಿಯವರ ಮನೆದೇವರಾದದ್ದು ಡೀಸೆಲ್‌ನ ಬಲದಲ್ಲಿ. 2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ಗೆ ಡೀಸೆಲ್ ಎಂಜಿನ್ನೇ ಇಲ್ಲ. ಪೆಟ್ರೋಲು, ಅದಕ್ಕೆ ಜೊತೆಯಾಗಿ ಹೈಬ್ರಿಡ್. ಹೈಬ್ರಿಡ್‌ಗೆ ಟ್ರಾಫಿಕ್ಕೇ ಅನುಕೂಲ. ಬ್ರೇಕ್ ಒತ್ತಿದಾಗೆಲ್ಲ ಮೋಟಾರು ಬ್ಯಾಟರಿ ತುಂಬುತ್ತದೆ, ತೆವಳುವಾಗ ಎಂಜಿನ್ ಮಲಗಿರುತ್ತದೆ. ಹೆದ್ದಾರಿಯಲ್ಲಿ ಅದರ ಲಾಭ ಕರಗುತ್ತದೆ. ಅಲ್ಲಿ ಎಲ್ಲ ಎಸ್‌ಯುವಿಗಳಿಗೂ ಶತ್ರು ಗಾಳಿ: ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗಿಲು. ಮೈಸೂರು ಹೆದ್ದಾರಿಯಲ್ಲಿ ಬಲಬದಿಯ ಲೇನಿನಲ್ಲೇ ಹೋಗಿ ಮೈಲೇಜು ಬರಲಿಲ್ಲ ಅನ್ನುವವರು ತಮ್ಮ ಬಲಗಾಲನ್ನು ಕೇಳಿಕೊಳ್ಳಲಿ.

ಸರ್ವಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೀಕಾರ್ಬನೈಸಿಂಗ್, ಎಸಿ ಸೋಂಕುನಿವಾರಣೆ, ಟೆಫ್ಲಾನ್ ಕೋಟಿಂಗ್ ಅಂತ ಬಿಲ್ಲು ಉದ್ದವಾಗುತ್ತದೆ. ಮಾಲೀಕರ ಕೈಪಿಡಿಯಲ್ಲಿ ಇರದ ಸಾಲುಗಳನ್ನು ಹೊಡೆದುಹಾಕಿ ಅನ್ನಿ, ಹೊಡೆಯುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮನಃಪೂರ್ವಕವಾಗಿ ಕೊಡುವ ದುಡ್ಡು ಎರಡಕ್ಕೆ. ಒಂದು, ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿ. ಡಿಪಿಎಫ್, ಟರ್ಬೊ, ಇಂಜೆಕ್ಟರ್ ಇರುವ ಗಾಡಿಗೆ ಅದು ಬೇಕು. ಯಾವುದು ಒಳಗೆ, ಯಾವುದು ಹೊರಗೆ ಅಂತ ಪಟ್ಟಿ ಓದಿಯೇ ತೆಗೆದುಕೊಳ್ಳಿ, ಮೊದಲ ವಾರಂಟಿ ಮುಗಿಯುವುದರೊಳಗೆ ತೆಗೆದುಕೊಳ್ಳಿ. ಇನ್ನೊಂದು, ಜೀರೋ ಡೆಪ್ ವಿಮೆ. ಅದಿಲ್ಲದಿದ್ದರೆ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಕ್ಲೇಮಿನಲ್ಲಿ ಅರ್ಧವೇ ಕೈಗೆ ಬರುವುದು, ಮತ್ತು ಇವತ್ತಿನ ಎಸ್‌ಯುವಿಯ ಮೂತಿ ಪೂರ್ತಿ ಪ್ಲಾಸ್ಟಿಕ್ಕು. ಐಡಿವಿಯ, ಅಂದರೆ ವಿಮೆಯವರು ಗಾಡಿಗೆ ಕಟ್ಟುವ ಬೆಲೆಯ, ಲೆಕ್ಕವೂ ಕರುಣೆಯಿಲ್ಲದ್ದು: ಮೂರು ವರ್ಷ ದಾಟಿದೊಡನೆ ಸವಕಳಿ ಶೇ 40.

ಟೈರು ಬದಲಿಸುವ ಸರದಿ ಈಗ ಬಂದಿದೆ. ಕಾನೂನು ಪ್ರಕಾರ ಹಲ್ಲು 1.6 ಮಿಲಿಮೀಟರಿಗೆ ಸವೆಯುವವರೆಗೂ ಓಡಿಸಬಹುದು. ಆದರೆ ಜುಲೈ ತಿಂಗಳಲ್ಲಿ ಚಾರ್ಮಾಡಿ ಇಳಿಯುವ ಎರಡು ಟನ್ ಹತ್ತಿರದ ಗಾಡಿಗೆ ಅಷ್ಟು ಹಲ್ಲು ಸಾಲದು. 3 ಮಿಲಿಮೀಟರಿಗೇ ನಾನು ಕೈ ಬಿಡುತ್ತೇನೆ. ಸ್ಟೆಪ್ನಿ ಸಣ್ಣ ಅಳತೆಯದಾದ್ದರಿಂದ ಐದನೆಯದನ್ನು ಸರದಿಯಲ್ಲಿ ತಿರುಗಿಸುವ ಹಳೇ ಉಪಾಯವೂ ಇಲ್ಲ. ಅಂಗಡಿಯಲ್ಲಿ ಟೈರಿನ ಬದಿಯ ನಾಲ್ಕಂಕಿ ಓದಿ, ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಹೋದ ವಾರ ಒಬ್ಬರು ಎರಡು ವರ್ಷ ಗೋಡೌನಿನಲ್ಲಿ ಕೂತಿದ್ದ ಸರಕನ್ನು ಆಫರ್ ಎಂದು ಮುಂದಿಟ್ಟರು. ಬೇಡ ಎಂದು ಬಂದಿದ್ದೇನೆ. ಮಳೆ ಹಿಡಿಯುವ ಮುಂಚೆ ಹೊಸ ಸ್ಟಾಕ್ ತರಿಸುತ್ತೇವೆ ಎಂದಿದ್ದಾರೆ.