ಹಳೆಯ ಗೋಡೆಗೆ ಹೊಸ ಕೆಲಸ

ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಬಿರುಕು ಮುಚ್ಚಿ ಬಣ್ಣ ಬಳಿಯುವುದು ಎಂಬ ಭಾವನೆ ಸಾಮಾನ್ಯ. ವಾಸ್ತುಶಿಲ್ಪಿಯ ಹೊಣೆ ಅದಕ್ಕಿಂತ ದೊಡ್ಡದು. ಗೋಡೆಯ ಸ್ವಭಾವವನ್ನು ಅರಿಯಬೇಕು. ಅದು ತಾಳುವಂಥ ಹೊಸ ಉಪಯೋಗವನ್ನೂ ಹುಡುಕಬೇಕು. ಬೆಂಗಳೂರಿನ ವಾಸ್ತುಶಿಲ್ಪಿಗಳೇ ರೂಪಿಸಿದ ಎರಡು ಯೋಜನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಮೊದಲು ಗೋಡೆಯ ಸ್ವಭಾವ. ನಮ್ಮ ಹಳೆಯ ಇಟ್ಟಿಗೆ ಗೋಡೆಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆ. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಅರಳುತ್ತದೆ. ಗೋಡೆ ಸೇರಿದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ, ನಿಧಾನವಾಗಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಈ ಗಾರೆ ಮೃದು, ಸೂಕ್ಷ್ಮ ರಂಧ್ರಗಳುಳ್ಳದ್ದು. ನೆಲದಿಂದ ಏರಿದ ತೇವ ಅದರ ಮೂಲಕ ಆರಿಹೋಗುತ್ತದೆ. ಇದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಅದರಲ್ಲಿ ಕರಗಿದ ಲವಣಗಳು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಪುಡಿಮಾಡುತ್ತವೆ. ‘ಗಟ್ಟಿ’ ದುರಸ್ತಿಯೇ ಗೋಡೆಗೆ ಮುಳುವಾಗುತ್ತದೆ.

ಈಗ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿಗೆ ಬನ್ನಿ. ವಾಸದ ಮನೆಯಾಗಿದ್ದ ಇದು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆಯಿತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್. ಗ್ಯಾಲರಿಗೆ ವಿಶಾಲ ಗೋಡೆ, ನಿಯಂತ್ರಿತ ಬೆಳಕು ಬೇಕು. ಅವನ್ನೆಲ್ಲ ಹಳೆಯ ಕೋಣೆಗಳೊಳಗೇ ತುರುಕಿದ್ದರೆ ಮನೆಯ ಹೊರಮೈ ಮಾತ್ರ ಉಳಿಯುತ್ತಿತ್ತು. ಬದಲಿಗೆ ಸುಮಾರು 1,260 ಚದರ ಮೀಟರ್‌ಗಳ ಹೊಸ ಕಟ್ಟಡವನ್ನು ಸೇರಿಸಲಾಯಿತು. ಹೊಸ ಅಗತ್ಯಗಳ ಭಾರವನ್ನು ಹೊಸ ಕಟ್ಟಡ ಹೊತ್ತಿದೆ. ಹೊಸದು ಹಳೆಯದರ ವೇಷ ಹಾಕಿಲ್ಲ ಎಂಬುದೂ ಮೆಚ್ಚತಕ್ಕ ಅಂಶ.

ಎರಡನೆಯದು ಹಳೆಯ ಕೇಂದ್ರ ಕಾರಾಗೃಹ. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಇರಿಸಿದ್ದ ಜಾಗ. ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಅವರ ವಿನ್ಯಾಸದಲ್ಲಿ ಅದು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ನಡುವಿನ ಕಾವಲು ಗೋಪುರ ಮತ್ತು ಬ್ಯಾರಕ್‌ಗಳನ್ನು ಉಳಿಸಿಕೊಂಡದ್ದರಿಂದ, ಒಬ್ಬ ಕಾವಲುಗಾರ ಎಲ್ಲ ದಿಕ್ಕುಗಳನ್ನೂ ನೋಡಬಲ್ಲ ಜ್ಯಾಮಿತಿ ಇಂದಿಗೂ ಅರ್ಥವಾಗುತ್ತದೆ. ಜನರನ್ನು ಕೂಡಿಹಾಕಿದ್ದ ಆವರಣದಲ್ಲೇ ಈಗ ಜನ ಪ್ರತಿಭಟನೆಗೆ ಕೂಡುತ್ತಾರೆ. ಇದಕ್ಕಿಂತ ಯುಕ್ತವಾದ ಉಪಯೋಗ ಸಿಗುವುದು ಕಷ್ಟ. ಆದರೆ ಕೊರತೆಯೂ ಇದೆ. ಬಯಲಿಗೆ ಸಿಕ್ಕಷ್ಟು ಕೆಲಸ ಬ್ಯಾರಕ್‌ಗಳಿಗೆ ಸಿಕ್ಕಿಲ್ಲ. ಅವು ನೋಡಿ ಹೋಗುವ ವಸ್ತುಗಳಾಗಿಯೇ ಉಳಿದಿವೆ. ದಿನವೂ ಬಳಸುವವರಿದ್ದರೆ ಸೋರಿಕೆ ಮೊದಲ ಮಳೆಗೇ ಕಣ್ಣಿಗೆ ಬೀಳುತ್ತದೆ. ಖಾಲಿ ಕೋಣೆಯ ಸೋರಿಕೆ ಗೊತ್ತಾಗುವುದು ಹೆಂಚೋ ಗಾರೆಯೋ ಕಳಚಿದ ಮೇಲೆ.

ಆದ್ದರಿಂದ ಕಟ್ಟಡದ ಆಯುಸ್ಸನ್ನು ನಿರ್ಧರಿಸುವುದು ಉದ್ಘಾಟನೆಯ ದಿನವಲ್ಲ, ಅನಂತರದ ಆರೈಕೆ. ವಿನ್ಯಾಸದ ಜೊತೆಗೆ, ಯಾವ ಗಾರೆ, ಯಾವಾಗ ಸುಣ್ಣ, ಯಾರ ಹೊಣೆ ಎಂಬ ಆರೈಕೆಯ ಪಟ್ಟಿಯನ್ನೂ ವಾಸ್ತುಶಿಲ್ಪಿ ಕೊಡಬೇಕು, ನಾವು ಕೇಳಿ ಪಡೆಯಬೇಕು.

ಶಿಕ್ಷಕರೇ, ನಿಮ್ಮ ಶಾಲೆಯೂ ಹಳೆಯ ಗಾರೆ ಕಟ್ಟಡವಾಗಿರಬಹುದು. ಸಿಮೆಂಟ್ ಚೀಲ ಬರುವ ಮುನ್ನ ಮಕ್ಕಳೊಡನೆ ಗೋಡೆಯನ್ನು ಪರೀಕ್ಷಿಸಿ. ತೇವ ಎಷ್ಟು ಎತ್ತರಕ್ಕೆ ಏರಿದೆ? ಬಿಳಿಯ ಲವಣ ಎಲ್ಲಿ ಕಾಣುತ್ತದೆ? ಉದುರಿದ ಗಾರೆಯ ಚೂರಿಗೆ ವಿನಿಗರ್ ಹಾಕಿದರೆ ಗುಳ್ಳೆ ಏಳುತ್ತದೆಯೇ? ಈ ಉತ್ತರಗಳನ್ನು ಬರೆದಿಟ್ಟು, ದುರಸ್ತಿಗೆ ಬಂದ ಎಂಜಿನಿಯರ್ ಮುಂದಿಡಿ.