ಎರಡೂ ಕಡೆಯಾಕಿ: ಅಮೃತಾ ಶೇರ್‌ಗಿಲ್‌ಳನ್ನು ನೋಡುವ ಬಗೆ

ಅಮೃತಾ ಶೇರ್‌ಗಿಲ್ ಕುರಿತು ಬರೆದವರಲ್ಲಿ ಮುಖ್ಯವಾಗಿ ಎರಡು ಬಗೆಯವರು ಕಾಣಸಿಗುತ್ತಾರೆ. ಒಂದು ಬಗೆಯವರಿಗೆ ಅವಳ ಪ್ರಣಯಗಳ ಪಟ್ಟಿ ಮುಖ್ಯ. ಯಾರು ಬಂದರು, ಯಾರು ಹೋದರು ಎಂದು ಎಣಿಸುವುದರಲ್ಲೇ ಅವರ ಲೇಖನ ಮುಗಿಯುತ್ತದೆ. ಇನ್ನೊಂದು ಬಗೆಯವರು ಗಂಭೀರರು. ಪ್ಯಾರಿಸ್ಸಿನ ಬೆಡಗನ್ನು ಬಿಟ್ಟು ತಾಯ್ನಾಡಿಗೆ ಬಂದವಳು, ಅಜಂತೆಯನ್ನು ಕಂಡು ಮರುಹುಟ್ಟು ಪಡೆದವಳು, ಹಳ್ಳಿಯ ಹೆಂಗಸರ ದುಃಖವನ್ನು ಬಣ್ಣಕ್ಕೆ ತಂದವಳು ಎಂದು ಅವರು ಅವಳನ್ನು ಎತ್ತಿ ಹಿಡಿಯುತ್ತಾರೆ. 1976ರಲ್ಲಿ ಭಾರತ ಸರಕಾರ ಅವಳ ಚಿತ್ರಗಳನ್ನು ರಾಷ್ಟ್ರೀಯ ಸಂಪತ್ತೆಂದು ಘೋಷಿಸಿತು. 2023ರಲ್ಲಿ ಅವಳ ‘ದಿ ಸ್ಟೋರಿ ಟೆಲ್ಲರ್’ ಎಂಬ ಚಿತ್ರ 61.8 ಕೋಟಿ ರೂಪಾಯಿಗೆ ಹರಾಜಾಯಿತು. ಹೀಗೆ ಒಬ್ಬರು ಅವಳನ್ನು ಪಡಸಾಲೆಯ ಪಿಸುಮಾತಿಗೆ ಇಳಿಸಿದರೆ ಇನ್ನೊಬ್ಬರು ಗುಡಿಯಲ್ಲಿ ಕೂಡಿಸುತ್ತಾರೆ.

ಇಬ್ಬರೂ ಮುಟ್ಟದೆ ಬಿಡುವ ಪ್ರಶ್ನೆಯೊಂದಿದೆ. ಹದಿನಾರನೆಯ ವಯಸ್ಸಿನಲ್ಲಿ ಪರದೇಶಕ್ಕೆ ಓದಲು ಹೋದ ಹುಡುಗಿಯೊಬ್ಬಳು, ಗಂಡಿನಂತೆ ಹೆಣ್ಣೂ ತನ್ನ ಒಲವಿಗೆ ಪಾತ್ರಳಾಗಬಲ್ಲಳು ಎಂದು ತನ್ನನ್ನು ತಾನು ಅರಿತುಕೊಂಡಳು. ಆ ಅರಿವಿಗೂ ಅವಳ ಕುಂಚಕ್ಕೂ ಏನು ಸಂಬಂಧ? ಸಂಬಂಧ ಇದೆ, ಅದು ಚಿತ್ರದಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿಯೇ ಇದೆ ಎಂಬುದು ನನ್ನ ಅನಿಸಿಕೆ.

ಅಮೃತಾ ಹುಟ್ಟಿದ್ದು 1913ರ ಜನವರಿ 30ರಂದು, ಬುಡಾಪೆಸ್ಟಿನಲ್ಲಿ. ತಂದೆ ಉಮರಾವ್ ಸಿಂಗ್ ಸಂಸ್ಕೃತ, ಪಾರ್ಸಿ ಬಲ್ಲ ಸಿಖ್ ಸರದಾರರು. ತಾಯಿ ಮರಿ ಆಂತ್ವಾನೆತ್ ಹಂಗೇರಿಯ ಗಾಯಕಿ. 1921ರಲ್ಲಿ ಸಂಸಾರ ಶಿಮ್ಲಾಕ್ಕೆ ಬಂತು. 1929ರಲ್ಲಿ ಮಗಳ ಚಿತ್ರಕಲೆಗಾಗಿ ಇಡೀ ಮನೆ ಪ್ಯಾರಿಸ್ಸಿಗೆ ಹೋಯಿತು. ಅಲ್ಲಿಯ ಎಕೋಲ್ ದೆ ಬೋಜಾರ್ ಕಲಾಶಾಲೆಯಲ್ಲಿ ಲೂಸಿಯೆಂ ಸಿಮೋನ್ ಅವಳ ಗುರುಗಳಾಗಿದ್ದರು. 1934ರ ಕೊನೆಗೆ ಭಾರತಕ್ಕೆ ಮರಳಿದಳು. 1938ರಲ್ಲಿ ಸೋದರಸಂಬಂಧಿ ಡಾ. ವಿಕ್ಟರ್ ಎಗಾನ್‌ನನ್ನು ಮದುವೆಯಾದಳು. 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು ವರ್ಷ.

ಪ್ಯಾರಿಸ್ಸಿನಲ್ಲಿ ಮರಿ ಲೂಯಿಸ್ ಶಾಸನಿ ಎಂಬ ಚಿತ್ರಕಾರ್ತಿ ಅವಳ ಆಪ್ತ ಗೆಳತಿಯಾಗಿದ್ದಳು. ಅವರ ಸ್ನೇಹದ ಬಗ್ಗೆ ಮಾತು ಹಬ್ಬಿದಾಗ ಅಮೃತಾ 1934ರಲ್ಲಿ ತಾಯಿಗೆ ಒಂದು ಪತ್ರ ಬರೆದಳು. ಮರಿ ಲೂಯಿಸ್ ಜೊತೆ ಅಂಥ ಸಂಬಂಧ ಇರಲಿಲ್ಲವೆಂದು ಅದರಲ್ಲಿ ಹೇಳುತ್ತಾಳೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವಕಾಶ ಒದಗಿದರೆ ಹೆಣ್ಣಿನೊಂದಿಗೆ ಸಂಬಂಧ ಬೆಳೆಸಬಹುದೆಂದು ತಾನು ಯೋಚಿಸಿದ್ದುಂಟು ಎಂದೂ ಬರೆಯುತ್ತಾಳೆ. ಇಲ್ಲ ಎನ್ನುವುದನ್ನೂ ಹೌದು ಎನ್ನುವುದನ್ನೂ ಒಂದೇ ಪತ್ರದಲ್ಲಿ, ಅದೂ ಹೆತ್ತ ತಾಯಿಗೆ, ಇಪ್ಪತ್ತೊಂದರ ಹುಡುಗಿ ಬರೆದದ್ದು ಸಾಮಾನ್ಯ ಸಂಗತಿಯಲ್ಲ. ಯಶೋಧರಾ ದಾಲ್ಮಿಯಾ 2006ರಲ್ಲಿ ಬರೆದ ಜೀವನಚರಿತ್ರೆಯೂ, ಅವಳ ತಂಗಿಯ ಮಗ ವಿವಾನ್ ಸುಂದರಂ 2010ರಲ್ಲಿ ಸಂಪಾದಿಸಿದ ಪತ್ರಸಂಪುಟಗಳೂ ಬಂದ ಮೇಲೆ ಈ ವಿಷಯ ಗುಟ್ಟಾಗಿ ಉಳಿದಿಲ್ಲ. ಅಷ್ಟಾದರೂ ಉಳಿದಿದ್ದು ದೊಡ್ಡದು. ಒಮ್ಮೆ ಅವಳು ಊರಲ್ಲಿಲ್ಲದಾಗ ತಂದೆತಾಯಿಯರು ಅವಳ ಪತ್ರಗಳ ಕಟ್ಟುಗಳನ್ನೇ ಸುಟ್ಟರು. ನೆಹರೂ ಬರೆದ ಪತ್ರಗಳೂ ಅದರಲ್ಲಿ ಹೋದವು. ಹೆಣ್ಣುಮಕ್ಕಳ ಪತ್ರಗಳಿಗೆ ಮನೆಯ ಒಲೆ ಯಾವಾಗಲೂ ಹತ್ತಿರವೇ.

ಇಂಥ ಒಲವಿಗೆ ಕನ್ನಡದಲ್ಲಿ ಈಗ ‘ದ್ವಿಲಿಂಗಾಸಕ್ತಿ’ ಎಂಬ ಮಾತು ಬಳಕೆಗೆ ಬರುತ್ತಿದೆ. ಮಾತು ಒರಟು, ಆಸ್ಪತ್ರೆಯ ಚೀಟಿಯಲ್ಲಿ ಬರೆದಂತಿದೆ. ಅದಕ್ಕಿಂತ ತೊಡಕಿನದು ಅದರ ಸುತ್ತಲಿನ ಅನುಮಾನ. ಗಂಡನ್ನು ಒಲಿದರೆ ‘ಹಾಗಾದರೆ ಮೊದಲಿನದು ಹುಡುಗಾಟ’ ಎನ್ನುತ್ತಾರೆ, ಹೆಣ್ಣನ್ನು ಒಲಿದರೆ ‘ಹಾಗಾದರೆ ಮದುವೆ ತೋರಿಕೆಯದು’ ಎನ್ನುತ್ತಾರೆ. ಅಮೃತಾಳ ವಿಷಯದಲ್ಲೂ ಎರಡೂ ಮಾತು ಬಂದಿವೆ.

ಈ ಅನುಮಾನದ ಸ್ವರೂಪ ಬೆಳಗಾವಿಯವರಿಗೆ ಬೇಗ ತಿಳಿಯಬೇಕು. ನಾನಿರುವ ಕ್ಯಾಂಪಿನಲ್ಲಿ ಒಂದೇ ಓಣಿಯೊಳಗೆ ಕನ್ನಡ, ಮರಾಠಿ, ಕೊಂಕಣಿ, ಉರ್ದು, ಇಂಗ್ಲಿಷು ಕೇಳಿಸುತ್ತವೆ. ಮನೆಯಲ್ಲಿ ಅಜ್ಜಿಯೊಡನೆ ಮರಾಠಿ, ಅಂಗಳದಲ್ಲಿ ಗೆಳತಿಯೊಡನೆ ಕನ್ನಡ ಆಡುವ ಮಕ್ಕಳು ಪ್ರತಿವರ್ಷ ನನ್ನ ತರಗತಿಯಲ್ಲಿ ಇರುತ್ತಾರೆ. ಅವರಿಗೆ ಅದರಲ್ಲಿ ಗೊಂದಲವೇನೂ ಇಲ್ಲ. ಗೊಂದಲ ಹುಟ್ಟುವುದು ದೊಡ್ಡವರು ‘ನೀ ಖರೇ ಯಾರ ಕಡೆಯಾಕಿ?’ ಎಂದು ಕೇಳಿದಾಗ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈಚೆಗೆ ಈ ಪ್ರಶ್ನೆ ನಮ್ಮ ಊರನ್ನು ಬಿಟ್ಟಿಲ್ಲ. ಜನಗಣತಿಯ ಕಾಗದದಲ್ಲಿಯೂ ಮಾತೃಭಾಷೆಗೆ ಒಂದೇ ಮನೆ. ಉಳಿದವು ‘ಇತರ’ ಆಗುತ್ತವೆ. ಹೋಲಿಕೆಯನ್ನು ಬಹಳ ಎಳೆಯಬಾರದು. ಎರಡು ಭಾಷೆ ಆಡುವ ಹುಡುಗಿ ಬಾಯಿ ಮುಚ್ಚಿಕೊಂಡಿರಬೇಕಿಲ್ಲ, ಇಬ್ಬರಲ್ಲೂ ಒಲವುಳ್ಳವಳು ಮುಚ್ಚಿಕೊಳ್ಳಬೇಕಾಗುತ್ತದೆ. ಆದರೂ ಪ್ರಶ್ನೆಯ ಹಿಂದಿನ ಹಟ ಒಂದೇ: ನೀನು ಅರ್ಧವಾದರೆ ಮಾತ್ರ ನಮಗೆ ಅರ್ಥವಾಗುತ್ತೀ.

ಈಗ ಚಿತ್ರಗಳಿಗೆ ಬರೋಣ. 1932ರ ‘ಯಂಗ್ ಗರ್ಲ್ಸ್’ ಅವಳಿಗೆ ಮರುವರ್ಷ ಪ್ಯಾರಿಸ್ಸಿನ ಸಲೋನಿನ ಮನ್ನಣೆ ತಂದಿತು. ತಂಗಿ ಇಂದಿರಾ ಮೈತುಂಬ ಉಟ್ಟು ನಿರಾಳವಾಗಿ ಕುಳಿತಿದ್ದಾಳೆ. ಎದುರಿಗೆ ಫ್ರೆಂಚ್ ಗೆಳತಿ ದೆನಿಸ್, ಅರ್ಧ ಸಡಿಲಿದ ಉಡುಪಿನಲ್ಲಿ, ಇಳಿಬಿದ್ದ ಹೊಂಗೂದಲಿನಲ್ಲಿ. ಇಲ್ಲಿ ಗಂಡಸಿನ ಕಣ್ಣಿಗಾಗಿ ಯಾರೂ ಅಲಂಕರಿಸಿಕೊಂಡಿಲ್ಲ. ಇಬ್ಬರು ಹುಡುಗಿಯರ ನಡುವಿನ ಸಲುಗೆ ಕೋಣೆಯ ಗಾಳಿಯಂತೆ ಹರಡಿದೆ. ನೋಡುತ್ತಿರುವ ಚಿತ್ರಕಾರ್ತಿ ಮೂರನೆಯವಳಾಗಿ ಆ ಸಲುಗೆಯೊಳಗೇ ಇದ್ದಾಳೆ. ಯುರೋಪಿನ ನಗ್ನಚಿತ್ರಗಳ ದೊಡ್ಡ ಪರಂಪರೆಯಲ್ಲಿ ಹೆಣ್ಣು ಬಹುಮಟ್ಟಿಗೆ ಹಣ್ಣಿನ ತಟ್ಟೆಯಂತೆ ಮುಂದಿಟ್ಟ ವಸ್ತು. ಅಮೃತಾಳ ನೋಟದಲ್ಲಿ ಬಯಕೆ ಇದೆ, ಆದರೆ ಅದರೊಡನೆ ಪರಿಚಯವೂ ಇದೆ. ಬಯಸಿದವಳನ್ನು ವ್ಯಕ್ತಿಯಾಗಿಯೂ ಕಾಣುವುದು ಅವಳ ಸಾಧನೆ.

1934ರ ‘ತಾಹಿತಿಯವಳಾಗಿ ಆತ್ಮಚಿತ್ರ’ದಲ್ಲಿ ಆ ನೋಟ ತನ್ನ ಕಡೆಗೇ ತಿರುಗುತ್ತದೆ. ಪಾಲ್ ಗೊಗ್ಯಾನ್ ತಾಹಿತಿ ದ್ವೀಪದ ಹೆಂಗಸರನ್ನು ಬರೆದ ರೀತಿಯಲ್ಲೇ, ತೆರೆದ ಎದೆಯೊಡನೆ ತನ್ನನ್ನು ನಿಲ್ಲಿಸಿಕೊಂಡಿದ್ದಾಳೆ. ಹಿಂದೆ ಗಂಡಸೊಬ್ಬನ ನೆರಳು. ಪ್ಯಾರಿಸ್ಸು ಕಂದುಬಣ್ಣದ ಹೆಣ್ಣನ್ನು ಹೇಗೆ ಕಾಣುತ್ತದೆ ಎಂಬುದನ್ನು ಅವಳು ಚೆನ್ನಾಗಿ ಅರಿತಿದ್ದಳು. ನೆರಳು ಬೀಳಬಹುದು, ಕುಂಚ ಮಾತ್ರ ನನ್ನ ಕೈಯಲ್ಲಿದೆ ಎನ್ನುವ ಬಿಗುವು ಆ ಮುಖದಲ್ಲಿದೆ.

ಭಾರತಕ್ಕೆ ಬಂದ ಮೇಲಿನ ಚಿತ್ರಗಳನ್ನೇ ನಮ್ಮ ವಿಮರ್ಶಕರು ಅವಳ ಶಿಖರವೆನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1935ರ ‘ಮೂವರು ಹುಡುಗಿಯರು’ ಚಿತ್ರದ ಬಣ್ಣಗಳು ಮರೆಯಲಾಗದಂಥವು. ಆದರೆ ಆ ಹುಡುಗಿಯರ ಕಣ್ಣು ಕೆಳಗಿವೆ. ಒಬ್ಬಳೂ ಇನ್ನೊಬ್ಬಳನ್ನು ನೋಡುವುದಿಲ್ಲ. ದೊಡ್ಡ ಮನೆಯ ಮಗಳು ಬಡವರನ್ನು ಕಂಡಾಗ ಬಯಕೆಯ ಜಾಗದಲ್ಲಿ ಕರುಣೆ ಬಂದು ಕೂತಿದೆ. ಕರುಣೆ ಒಳ್ಳೆಯದೇ, ಆದರೆ ಅದು ಮೇಲಿನಿಂದ ನೋಡುತ್ತದೆ. ಹಳ್ಳಿಯ ಹೆಂಗಸರು ನಗುವುದನ್ನು, ಜಗಳವಾಡುವುದನ್ನು, ಒಬ್ಬರನ್ನೊಬ್ಬರು ಕಾಡುವುದನ್ನು ನಾವೆಲ್ಲ ಕಂಡವರು. ಆ ಗದ್ದಲ ಈ ಚಿತ್ರದೊಳಗೆ ಬಂದಿಲ್ಲ. ನಮ್ಮವರೇ ಆದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಅಮೃತಾಳಿಂದ ಪ್ರೇರಣೆ ಪಡೆದವರು. ಆದರೆ ಅವರ ರೇಖೆಗಳಲ್ಲಿ ಕುಣಿಯುವ ದೇಹಗಳಿಗೆ ಈ ಮಂಕು ತಟ್ಟಿಲ್ಲ.

ಕಳೆದ ನೋಟ ಮತ್ತೆ ಸಿಗುವುದು ಕೊನೆಯ ವರ್ಷಗಳಲ್ಲಿ. 1939ರ ‘ಇಬ್ಬರು ಹುಡುಗಿಯರು’ ಚಿತ್ರದಲ್ಲಿ ಬಿಳಿ ಮೈಯವಳೊಬ್ಬಳು ನಿಂತಿದ್ದಾಳೆ, ಕಪ್ಪು ಮೈಯವಳೊಬ್ಬಳು ಕುಳಿತಿದ್ದಾಳೆ. ಇದು ಅವಳೊಳಗಿನ ಹಂಗೇರಿ ಮತ್ತು ಭಾರತ ಎಂದು ಹೇಳುವುದು ವಾಡಿಕೆ. ಇರಬಹುದು. ಆದರೆ ಮೊದಲು ಅವರು ಹತ್ತಿರವಿರುವ ಇಬ್ಬರು ಹೆಂಗಸರು. ಅದನ್ನು ದಾಟಿ ಒಮ್ಮೆಲೇ ಸಂಕೇತಕ್ಕೆ ಹಾರುವುದು ನಮ್ಮ ಸಂಕೋಚದ ಗುರುತು. 1940ರ ಚಿತ್ರದಲ್ಲಿ ಹೆಂಗಸೊಬ್ಬಳು ಚಾರಪಾಯಿಯ ಮೇಲೆ ಕೆಂಪು ಉಡುಗೆಯಲ್ಲಿ ಒರಗಿದ್ದಾಳೆ, ಪಕ್ಕದಲ್ಲಿ ಇನ್ನೊಬ್ಬಳು ಬೀಸಣಿಗೆ ಬೀಸುತ್ತಿದ್ದಾಳೆ. ಮದುವೆಯಾದ ಹೆಣ್ಣೊಬ್ಬಳು ಬರೆದ ಚಿತ್ರ ಇದು. ಹೆಣ್ಣಿನ ಮೈಯ ಬಿಸಿಯನ್ನು, ಬೇಸರವನ್ನು, ಕಾಯುವಿಕೆಯನ್ನು ಅವಳ ಕಣ್ಣು ಬಿಟ್ಟುಕೊಟ್ಟಿರಲಿಲ್ಲ. ಗಂಡನಿದ್ದಾನೆಂಬ ಕಾರಣಕ್ಕೆ ಅವಳ ಒಲವಿನ ಒಂದು ಕಡೆ ಆರಿಹೋಗಲಿಲ್ಲ ಎಂಬುದಕ್ಕೆ ನನಗೆ ಪತ್ರಗಳಿಗಿಂತ ಈ ಕೆಂಪು ದೊಡ್ಡ ಸಾಕ್ಷಿ.

ಇಂದು ನಮ್ಮ ಭಾಗದಿಂದಲೂ ಹುಡುಗಿಯರು ಓದಲು ಹೊರದೇಶಕ್ಕೆ ಹೋಗುತ್ತಾರೆ. ಅವರಲ್ಲೊಬ್ಬಳು ತನ್ನ ಮನಸ್ಸು ಇಂಥದು ಎಂದು ಕಂಡುಕೊಂಡರೆ ‘ಆ ದೇಶದ ಗಾಳಿ ಹತ್ತಿತು’ ಎನ್ನಲು ಮಂದಿ ಸಿದ್ಧರಿರುತ್ತಾರೆ. 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ಗಂಡು ಗಂಡಿನ ಪ್ರೇಮ ಇಲ್ಲಿಯದೇ, ನಮ್ಮ ಊರುಗಳದೇ ಎಂದು ಕನ್ನಡದ ಓದುಗರು ಕಂಡರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಕೂಡಿದ್ದು ಅಪರಾಧವಲ್ಲವೆಂದು ತೀರ್ಪಿತ್ತಿತು. ಮನೆಯೊಳಗಿನ ತೀರ್ಪು ಇನ್ನೂ ಬರಬೇಕು. ಪರದೇಶ ಅಮೃತಾಳಿಗೆ ಹೊಸ ಮನಸ್ಸನ್ನು ಕೊಡಲಿಲ್ಲ. ಇದ್ದ ಮನಸ್ಸನ್ನು ನೋಡಿಕೊಳ್ಳಲು ಒಂದು ಕೋಣೆ, ಒಂದಿಷ್ಟು ಬೆಳಕು, ಪ್ರಶ್ನೆ ಕೇಳದ ಕೆಲವು ಗೆಳತಿಯರನ್ನು ಕೊಟ್ಟಿತು. ಅವಳು ತಾಯಿಗೆ ಬರೆದಂಥ ಪತ್ರ ನಮ್ಮ ಮನೆಗಳಿಗೂ ಬಂದೀತು. ಅದನ್ನು ಒಲೆಗೆ ಹಾಕದೆ ಓದುವ ತಾಯಂದಿರು ಬೇಕು.

ದೆಹಲಿಗೆ ಹೋದವರು ಜೈಪುರ ಹೌಸಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಗಿ ಈ ಚಿತ್ರಗಳಲ್ಲಿ ಕೆಲವನ್ನಾದರೂ ನೋಡಬೇಕು. ಪುಸ್ತಕದಲ್ಲಿ ಅಚ್ಚಾದಾಗ ಅವಳ ಕೆಂಪು ಸತ್ತುಹೋಗುತ್ತದೆ.